ಸಭೆಯ ಖರ್ಚು ಯಾರ ಪಾಲಿಗೆ?

ಬೇಲೂರು, ಹಳೇಬೀಡಿನ ಶಾಸನಗಳನ್ನು ನೋಡಿದವರಿಗೆ ಗೊತ್ತು: ಗುಡಿ ಕಟ್ಟಿಸುವುದು ಒಂದು ಕೆಲಸ, ದಿನವೂ ದೀಪ ಉರಿಸುವುದು ಇನ್ನೊಂದು. ಹೊಯ್ಸಳ ದೊರೆ ವಿಷ್ಣುವರ್ಧನ 1117ರಲ್ಲಿ ಬೇಲೂರಿನ ವಿಜಯನಾರಾಯಣನನ್ನು ಪ್ರತಿಷ್ಠೆ ಮಾಡಿಸಿದ್ದಷ್ಟೇ ಅಲ್ಲ, ಪೂಜೆ ನಡೆಯಲೆಂದು ದತ್ತಿಯನ್ನೂ ಬಿಟ್ಟ. ಹಳೇಬೀಡಿನ ಪಾರ್ಶ್ವನಾಥ ಬಸದಿಯನ್ನು 1133ರಲ್ಲಿ ಬೊಪ್ಪ ತನ್ನ ತಂದೆ, ದಂಡನಾಯಕ ಗಂಗರಾಜನ ನೆನಪಿಗೆ ಕಟ್ಟಿಸಿದ. ಕೊಟ್ಟವರು ಕೆಲವರೇ, ಕೊಟ್ಟದ್ದು ಬಹಳ.

ಇದೇ ಹಾಸನ ಸೀಮೆಯಲ್ಲಿ ಕ್ರೈಸ್ತ ಸಭೆ ಬೇರೂರಿದ ಬಗೆಯೇ ಬೇರೆ. ಟಿಪ್ಪು ಸುಲ್ತಾನನ ಕಾಲ ಮುಗಿದ ಮೇಲೆ ಫ್ರೆಂಚ್ ಪಾದ್ರಿ ಅಬ್ಬೆ ದ್ಯುಬುವಾ ಚದುರಿಹೋಗಿದ್ದ ಕ್ರೈಸ್ತ ಕುಟುಂಬಗಳನ್ನು ಸಾತಳ್ಳಿಯಲ್ಲಿ ಸೇರಿಸಿ, ಬೇಸಾಯ ಮಾಡಿಕೊಂಡು ಬದುಕಲು ನೆಲೆ ಮಾಡಿಕೊಟ್ಟರು. ಅಲ್ಲಿ ಕಾಣಿಕೆಗಿಂತ ಮೊದಲು ಬಂದದ್ದು ಅನ್ನದ ದಾರಿ. ಹೊಟ್ಟೆಗಿಲ್ಲದವನ ಹತ್ತಿರ ಹತ್ತರಲ್ಲೊಂದು ಪಾಲು ಕೇಳುವುದು ಹೇಗೆ?

ದುಡಿಮೆಯ ಹತ್ತನೆಯ ಒಂದು ಪಾಲೇ ದಶಮಾಂಶ. ಹಳೆಯ ಒಡಂಬಡಿಕೆಯಲ್ಲಿ ಅದು ಧಾನ್ಯ, ಹಣ್ಣು, ದನಕುರಿಗಳ ಲೆಕ್ಕ. ಹೊಸ ಒಡಂಬಡಿಕೆಯಲ್ಲಿ ಅಪೊಸ್ತಲ ಪೌಲ ಇಂತಿಷ್ಟೇ ಎಂದು ಗೆರೆ ಎಳೆಯುವುದಿಲ್ಲ. ಬಲವಂತಕ್ಕೆ ಕೊಡಬೇಡಿ, ಮನಸ್ಸಿಟ್ಟು ಕೊಡಿ ಎನ್ನುತ್ತಾನೆ. ಯುರೋಪು ಈ ಬುದ್ಧಿಮಾತನ್ನು ಬದಿಗಿಟ್ಟು ದಶಮಾಂಶವನ್ನು ಕಂದಾಯವಾಗಿಸಿತು. ಪಾದ್ರಿಗಳ ಕಣಜ ತುಂಬಿತು, ರೈತರ ಸಿಟ್ಟೂ ಬೆಳೆಯಿತು. 1789ರ ಕ್ರಾಂತಿಯಲ್ಲಿ ಫ್ರಾನ್ಸ್ ಅದನ್ನು ಕಿತ್ತೆಸೆಯಿತು.

ಕನ್ನಡನಾಡಿನ ಪ್ರೊಟೆಸ್ಟೆಂಟ್ ಸಭೆಗಳಿಗೆ ತಮ್ಮ ಕಾಲ ಮೇಲೆ ನಿಲ್ಲಬೇಕಾದ ಹೊತ್ತು ಬಂದದ್ದು ಯುದ್ಧದಿಂದ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ ಹೆಂಚಿನ ಕಾರ್ಖಾನೆ, ಶಾಲೆಗಳನ್ನು ನಡೆಸಿತ್ತು. 1914ರ ಮಹಾಯುದ್ಧ ಶುರುವಾದ ಮೇಲೆ ಜರ್ಮನ್ ಮಿಷನರಿಗಳು ಬಂಧನಕ್ಕೊಳಗಾದರು, ಕಾರ್ಖಾನೆಗಳು ಕೈತಪ್ಪಿದವು. ದೂರದ ಹಣವನ್ನು ನೆಚ್ಚಿಕೊಂಡಿದ್ದರ ಅಪಾಯ ಆಗ ಕಣ್ಣಿಗೆ ಬಿತ್ತು. 1947ರಲ್ಲಿ ದಕ್ಷಿಣ ಭಾರತ ಸಭೆ (ಸಿಎಸ್‌ಐ) ಹುಟ್ಟಿದ ಮೇಲಂತೂ ಸ್ಥಳೀಯರ ಜವಾಬ್ದಾರಿ ಹೆಚ್ಚಿತು.

ಕೊಡುವುದು ಊರಿನ ಸಂಭ್ರಮವಾಗುವುದನ್ನು ನೋಡಬೇಕೆಂದರೆ ಸಭೆಯ ಸುಗ್ಗಿ ಹಬ್ಬಕ್ಕೆ ಹೋಗಬೇಕು. ಆರಾಧನೆ ಮುಗಿದ ಮೇಲೆ ಕುಂಬಳಕಾಯಿ, ಬಾಳೆಗೊನೆ, ನಾಟಿಕೋಳಿ ಎಲ್ಲ ಅಂಗಳಕ್ಕೆ ಬರುತ್ತವೆ. ಅರಸೀಕೆರೆಯಂಥ ತೆಂಗಿನ ಸೀಮೆಯಾದರೆ ತೆಂಗಿನಕಾಯಿ ಇಲ್ಲದೆ ಹಬ್ಬವೇ ಇಲ್ಲ. ಹರಾಜು ಕೂಗುವವನಿಗೆ ಗಂಟಲಿನಷ್ಟೇ ಚೇಷ್ಟೆಯೂ ಬೇಕು. ಒಂದು ಸಾಮಾನ್ಯ ಕಾಯಿಗೆ ಒಬ್ಬರು ಐನೂರು ಕೂಗಿ ಹಿಡಿದು, ಅದನ್ನೇ ಮತ್ತೆ ಹರಾಜಿಗೆ ಕೊಡುತ್ತಾರೆ. ಒಂದೇ ಕಾಯಿ ನಾಲ್ಕು ಸಲ ಮಾರಾಟವಾದರೂ ಯಾರಿಗೂ ನಷ್ಟವಾಯಿತು ಅನ್ನಿಸುವುದಿಲ್ಲ! ದೂರದ ಮಿಜೋರಾಮಿನಲ್ಲಿ ಕೊಡುವ ಬಗೆ ಇನ್ನೊಂದು: ಅಲ್ಲಿ ಸಭೆಯ ಹೆಂಗಸರು ಅಡುಗೆಗೆ ಅಕ್ಕಿ ಹಾಕುವಾಗಲೆಲ್ಲ ಒಂದು ಹಿಡಿ ಸಭೆಗೆಂದು ತೆಗೆದಿಡುತ್ತಾರೆ. ಸುಮಾರು ನೂರು ವರ್ಷದಿಂದ ಈ ಪದ್ಧತಿ ಅಲ್ಲಿನ ಸಭೆಯನ್ನು ಸಾಕಿದೆ. ಬಡವರ ಮನೆಯೂ ಕೊಡುವ ಸಾಲಿಗೆ ಸೇರುವುದು ಇಂಥ ಕಡೆಯೇ.

ಈಚಿನ ಕೆಲವು ಸ್ವತಂತ್ರ ಸಭೆಗಳಲ್ಲಿ ದಶಮಾಂಶ ಕೊಟ್ಟರೆ ಸಾಲ ತೀರುತ್ತದೆ, ಕಾಯಿಲೆ ವಾಸಿಯಾಗುತ್ತದೆ ಎಂದು ಆಸೆ ಹುಟ್ಟಿಸುವುದುಂಟು. ಜನ ಬೇಗ ಸೇರುತ್ತಾರೆ, ಫಲ ಕಾಣದಿದ್ದರೆ ಅಷ್ಟೇ ಬೇಗ ಚದುರುತ್ತಾರೆ. ಹಣದ ಪೆಟ್ಟಿಗೆಯ ಬೀಗದ ಕೈ ಪಾಸ್ಟರ್ ಒಬ್ಬರ ಬಳಿಯೇ ಇದ್ದಲ್ಲಿ ಜಗಳ ತಪ್ಪದು. ಚುನಾಯಿತ ಕಮಿಟಿ ಇರುವ ಸಭೆಯಲ್ಲೂ ಜಗಳ ಇಲ್ಲವೆಂದಲ್ಲ. ಆದರೆ ಅಲ್ಲಿ ವರ್ಷಕ್ಕೊಮ್ಮೆ ಖಜಾಂಚಿ ಜಮಾಖರ್ಚು ಓದುತ್ತಾರೆ, ತಿಂಗಳಿಗೆ ಐವತ್ತು ರೂಪಾಯಿ ಕವರಿನಲ್ಲಿಟ್ಟು ಕೊಟ್ಟವರೂ ಎದ್ದು ನಿಂತು, ಈ ಸಲ ಸುಣ್ಣಬಣ್ಣಕ್ಕೆ ಇಷ್ಟೊಂದು ಏಕಾಯಿತು ಎಂದು ಕೇಳಬಹುದು.