ಫೈಲ್ ಹೋಗುವುದಿಲ್ಲ, ಅಕ್ಷರ ಹೋಗುತ್ತದೆ

ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಗೆ ಇ-ಹರಾಜು ಬಂದಿದೆ. ಲಾಟಿನ ತೂಕ, ಗರಿಷ್ಠ ದರ, ಕನಿಷ್ಠ ದರ, ಸರಾಸರಿ, ಇದೆಲ್ಲ ಸೇರಿದರೆ ದಿನದ ದರಪಟ್ಟಿ. ಅದನ್ನು ಪಿಡಿಎಫ್ ಮಾಡಿ, ಪರಿಚಯದ ರೀಲರುಗಳಿಗೂ (ಗೂಡಿನಿಂದ ನೂಲು ತೆಗೆಯುವವರು) ಬೆಳೆಗಾರರಿಗೂ ಪ್ರತಿ ಸಂಜೆ ತಾನಾಗಿ ಮೇಲ್ ಹೋಗುವ ಹಾಗೆ ಪೈಥಾನ್‌ನಲ್ಲಿ ಒಂದು ಪ್ರೋಗ್ರಾಂ ಬರೆಯಬೇಕು ಎಂದುಕೊಳ್ಳಿ. ಚಿಕ್ಕಬಳ್ಳಾಪುರದಲ್ಲೋ ಚಿಂತಾಮಣಿಯಲ್ಲೋ ಓದುವ ಯಾವ ವಿದ್ಯಾರ್ಥಿಗಾದರೂ ಇದು ಒಂದು ಮಧ್ಯಾಹ್ನದ ಕೆಲಸ. ಮೇಲ್ ಹೋಗುತ್ತದೆ ಕೂಡ. ತಕರಾರು ಶುರುವಾಗುವುದು ಆಮೇಲೆ. ಒಬ್ಬರಿಗೆ ಫೈಲಿನ ಹೆಸರು ‘ನೋನೇಮ್’ ಎಂದು ಬಂದಿರುತ್ತದೆ, ಇನ್ನೊಬ್ಬರಿಗೆ ಕನ್ನಡದ ಬದಲು ಚಿತ್ರವಿಚಿತ್ರ ಇಂಗ್ಲಿಷ್ ಅಕ್ಷರ ಕಾಣುತ್ತದೆ, ಮತ್ತೊಬ್ಬರಿಗೆ ಮೇಲ್ ಬಂದೇ ಇರುವುದಿಲ್ಲ. ಬೈಗುಳ ಮಾತ್ರ ಒಂದೇ: ‘ಕಂಪ್ಯೂಟರಿಗೆ ಕನ್ನಡ ಬರಲ್ಲ ಬಿಡಿ’. ಇಂಥ ತೀರ್ಪುಗಳ ಹಿಂದಿರುವ ನಂಬಿಕೆಗಳಲ್ಲಿ ಹೆಚ್ಚಿನವು ಸುಳ್ಳು.

‘ಪತ್ರ ಬೇರೆ, ಅದರ ಜೊತೆ ಹೋಗುವ ಫೈಲ್ ಬೇರೆ’

ಪೇಪರ್ ಕ್ಲಿಪ್ಪಿನ ಚಿತ್ರ ನೋಡಿ ನೋಡಿ ಬೆಳೆದ ನಂಬಿಕೆ ಇದು. ನಿಜ ಏನೆಂದರೆ ಈಮೇಲ್ ಅನ್ನುವುದು ಮೊದಲಿನಿಂದ ಕೊನೆಯವರೆಗೆ ಒಂದೇ ಉದ್ದನೆಯ ಪಠ್ಯ. ಅದು ಹುಟ್ಟಿದ್ದು ಇಂಗ್ಲಿಷ್ ಅಕ್ಷರ, ಅಂಕಿ, ಒಂದಿಷ್ಟು ಚಿಹ್ನೆ ಬಿಟ್ಟು ಬೇರೇನನ್ನೂ ಹೊರಲಾರದ ದಾರಿಗಳಿಗಾಗಿ. ಫೋಟೊ, ಧ್ವನಿ, ಪಿಡಿಎಫ್ ಯಾವುದೂ ಆ ದಾರಿಯಲ್ಲಿ ಇದ್ದ ಹಾಗೇ ಸಾಗುವಂತಿರಲಿಲ್ಲ. ಇದಕ್ಕೆ ಉಪಾಯ ಹೂಡಿದವರು ಅಮೆರಿಕದ ನಥಾನಿಯಲ್ ಬೊರೆನ್‌ಸ್ಟೈನ್ ಮತ್ತು ನೆಡ್ ಫ್ರೀಡ್. ಅವರ ‘ಮೈಮ್’ ನಿಯಮಾವಳಿ ಪ್ರಕಟವಾದದ್ದು 1992ರ ಜೂನ್‌ನಲ್ಲಿ. ಅದಕ್ಕೂ ಮೊದಲೇ, ಅದೇ ವರ್ಷದ ಮಾರ್ಚ್ 11ರಂದು, ಬೊರೆನ್‌ಸ್ಟೈನ್ ಆ ಪದ್ಧತಿಯಲ್ಲಿ ಮೊದಲ ಅಟ್ಯಾಚ್‌ಮೆಂಟ್ ಕಳುಹಿಸಿದ್ದರು. ತಾವೇ ಹಾಡುತ್ತಿದ್ದ ನಾಲ್ವರ ಗಾಯನ ತಂಡದ ಒಂದು ಫೋಟೊ, ಒಂದು ಹಾಡಿನ ತುಣುಕು. ಗಂಭೀರ ತಂತ್ರಜ್ಞಾನಗಳ ಚೊಚ್ಚಲ ಪ್ರದರ್ಶನ ಹೀಗೆ ಹಾಡು ಹಸೆಯಲ್ಲಿ ಆಗುವುದು ನನಗೇನೋ ಇಷ್ಟ.

ಉಪಾಯ ಸರಳ. ಫೈಲಿನ ಮೂರು ಮೂರು ಬೈಟ್ ತೆಗೆದುಕೊಂಡು, ಒಂದೊಂದು ಮೂರಕ್ಕೂ 64 ಅಕ್ಷರಗಳ ಒಂದು ಪಟ್ಟಿಯಿಂದ ನಾಲ್ಕು ಅಕ್ಷರ ಬರೆಯುವುದು. ಇದೇ ಬೇಸ್64. ಗೂಡಿನಿಂದ ಎಳೆ ಬಿಚ್ಚಿದ ಹಾಗೆ ಇಡೀ ಫೈಲ್ ಅಕ್ಷರಗಳ ಒಂದೇ ಉದ್ದನೆಯ ಸರವಾಗಿ ಬಿಚ್ಚಿಕೊಳ್ಳುತ್ತದೆ. ಅದನ್ನು ಸಾಲು ಸಾಲಾಗಿ ಮುರಿಯಬೇಕು, ಸಾಲಿಗೆ 76 ಅಕ್ಷರಕ್ಕಿಂತ ಹೆಚ್ಚು ಇರಕೂಡದು. ಪತ್ರದ ಒಕ್ಕಣೆ ಎಲ್ಲಿ ಮುಗಿಯಿತು, ಫೈಲ್ ಎಲ್ಲಿ ಶುರುವಾಯಿತು ಎಂದು ತಿಳಿಯಲು ನಡುವೆ ‘ಬೌಂಡರಿ’ ಎಂಬ ಒಂದು ಗುರುತಿನ ಸಾಲು. ಜಿಮೇಲ್‌ನಲ್ಲಿ ಅಟ್ಯಾಚ್‌ಮೆಂಟ್ ಇರುವ ಯಾವುದಾದರೂ ಮೇಲ್ ತೆರೆದು ‘ಶೋ ಒರಿಜಿನಲ್’ ಒತ್ತಿದರೆ ಇದೆಲ್ಲ ಕಣ್ಣೆದುರೇ ಇರುತ್ತದೆ. ಪಿಡಿಎಫ್ ಆದರೆ ಆ ಅಕ್ಷರರಾಶಿ ಯಾವಾಗಲೂ ಜೆ-ವಿ-ಬಿ-ಇ-ಆರ್-ಐ ಎಂದೇ ಆರಂಭ. ಈಗಿನ ವರ್ಡ್, ಎಕ್ಸೆಲ್ ಫೈಲ್ ಎರಡೂ ಒಳಗೆ ಜಿಪ್ ಆದ್ದರಿಂದ ಯು-ಇ-ಎಸ್-ಡಿ-ಬಿ. ಮೇಲ್ ಸರ್ವರಿನ ಜೊತೆ ದಿನವೂ ಗುದ್ದಾಡುವವರು ಫೈಲ್ ತೆರೆಯದೆಯೇ ಇದರ ಮೇಲೆ ಗುರುತು ಹಿಡಿಯುತ್ತಾರೆ.

ಇದನ್ನು ನೋಡಿ ‘ಓಹೋ, ಗುಪ್ತಲಿಪಿ, ಯಾರೂ ಓದಲಾರರು’ ಎನ್ನುವವರಿದ್ದಾರೆ. ಅಲ್ಲ. ಬೇಸ್64ಕ್ಕೆ ಬೀಗವೂ ಇಲ್ಲ, ಕೀಲಿಯೂ ಇಲ್ಲ. ಯಾರು ಬೇಕಾದರೂ ಕ್ಷಣದಲ್ಲಿ ಹಿಂದಕ್ಕೆ ತಿರುಗಿಸಬಹುದು. ಆಧಾರ್ ಪ್ರತಿ, ಬ್ಯಾಂಕ್ ಪಾಸ್‌ಬುಕ್ ಕಳುಹಿಸುವಾಗ ಇದು ನೆನಪಿರಲಿ.

‘25 ಎಂಬಿ ಮಿತಿ ಅಂದರೆ 25 ಎಂಬಿ ಫೈಲ್’

ಮೂರು ಬೈಟ್ ನಾಲ್ಕು ಅಕ್ಷರವಾದಾಗ ಮೂರನೇ ಒಂದು ಭಾಗ ಊದಿಕೊಳ್ಳುತ್ತದೆ. ಪ್ರತಿ ಸಾಲಿನ ಕೊನೆಯ ಎರಡು ಗುರುತು ಸೇರಿದರೆ ಸುಮಾರು 37 ಪ್ರತಿಶತ. ಮೇಲ್ ಸರ್ವರ್ ಅಳೆಯುವುದು ಈ ಊದಿದ ದೇಹವನ್ನು. ಅಂದರೆ ಸರ್ವರಿನ ಮಿತಿ 25 ಎಂಬಿ ಆಗಿದ್ದರೆ, ಪಹಣಿ, ಮ್ಯುಟೇಷನ್, ನಕ್ಷೆ ಎಲ್ಲ ಸ್ಕ್ಯಾನ್ ಮಾಡಿ ಒಟ್ಟು ಹಾಕಿದ ಕಟ್ಟು 18 ಎಂಬಿ ದಾಟಿದರೆ ಕಷ್ಟ. ಮಿತಿ ಮೀರಿದ್ದನ್ನು ವೆಬ್‌ನಲ್ಲಿ ಕೂತು ಕಳುಹಿಸಿದರೆ ಜಿಮೇಲ್ ತಾನೇ ಡ್ರೈವ್ ಕೊಂಡಿ ಮಾಡಿಕೊಡುತ್ತದೆ. ನಿಮ್ಮ ಪ್ರೋಗ್ರಾಂಗೆ ಆ ಉಪಚಾರ ಇಲ್ಲ, ಸರ್ವರ್ ಸುಮ್ಮನೆ ತಿರಸ್ಕರಿಸುತ್ತದೆ.

‘ಫೈಲಿಗೆ ಕನ್ನಡದ ಹೆಸರಿಟ್ಟರೆ ಕೆಡುತ್ತದೆ’

ಇದನ್ನು ಸ್ವಲ್ಪ ನಿಧಾನವಾಗಿ ನೋಡೋಣ, ಯಾಕೆಂದರೆ ನಮ್ಮವರು ‘ದರಪಟ್ಟಿ’ ಎಂದು ಬರೆಯಲು ಹೆದರಿ ಇಂಗ್ಲಿಷ್ ಅಕ್ಷರಕ್ಕೆ ಶರಣಾಗುವುದು ಇಲ್ಲೇ.

ಕನ್ನಡದ ಒಂದೊಂದು ಸಂಕೇತವೂ ಯೂನಿಕೋಡಿನ ಯುಟಿಎಫ್-8 ರೂಪದಲ್ಲಿ ಮೂರು ಬೈಟ್. ಬೇಸ್64 ಹಿಡಿಯುವುದೂ ಮೂರು ಬೈಟ್. ಎಂಥ ಹೊಂದಾಣಿಕೆ! ಹಾಗಾಗಿ ಮೇಲ್‌ನ ವಿಷಯದ ಸಾಲು ನಡುವೆ ಖಾಲಿ ಜಾಗವೂ ಇಲ್ಲದ ಅಪ್ಪಟ ಕನ್ನಡವಾಗಿದ್ದರೆ, ಮೂಲರೂಪದಲ್ಲಿ ಪ್ರತಿ ಸಂಕೇತವೂ 4-ಎಲ್-ಕೆ ಅಥವಾ 4-ಎಲ್-ಓ ಎಂದು ಆರಂಭವಾಗುವ ನಾಲ್ಕಕ್ಷರದ ಗುಂಪಾಗಿ ಕಾಣುತ್ತದೆ. ‘ಶಿಡ್ಲಘಟ್ಟ’ ನಮ್ಮ ಕಣ್ಣಿಗೆ ನಾಲ್ಕೇ ಅಕ್ಷರ. ಕಂಪ್ಯೂಟರಿಗೆ ಶ, ಇ-ಗುಡಿಸು, ಡ, ವಿರಾಮ, ಲ, ಘ, ಟ, ವಿರಾಮ, ಟ ಎಂದು ಒಂಬತ್ತು ಸಂಕೇತ. ಬೈಟ್ ಲೆಕ್ಕದಲ್ಲಿ 27, ಬೇಸ್64 ಆದಾಗ 36 ಅಕ್ಷರ. ಅದರಲ್ಲಿ 4-ಎಲ್-ಓ-ಎನ್ ಎಂಬ ಗುಂಪು ಎರಡು ಸಲ ಬರುತ್ತದೆ. ಅದೇ ನಮ್ಮ ಒತ್ತಕ್ಷರಗಳ ಹಿಂದಿರುವ ವಿರಾಮ ಚಿಹ್ನೆ.

ತಲೆಬರಹದ ಸಾಲಿನಲ್ಲಿ ಇಂಥ ಒಂದು ತುಂಡು 75 ಅಕ್ಷರ ಮೀರಬಾರದೆಂಬ ನಿಯಮವಿದೆ. ಆರಂಭ-ಅಂತ್ಯದ ಗುರುತಿಗೆ 12 ಹೋದರೆ ಒಂದು ತುಂಡಿಗೆ ಹೆಚ್ಚೆಂದರೆ 15 ಕನ್ನಡ ಸಂಕೇತ. ‘ಚಿಕ್ಕಬಳ್ಳಾಪುರ’ 13, ಒಂದೇ ತುಂಡಿಗೆ ಹಿಡಿಯುತ್ತದೆ. ಅದರ ಮುಂದೆ ‘ಜಿಲ್ಲೆ’ ಸೇರಿಸಿದರೆ ಎರಡಾಗಲೇಬೇಕು. ತುಂಡರಿಸುವಾಗ ಒಂದು ಸಂಕೇತದ ಮೂರು ಬೈಟ್‌ಗಳ ನಡುವೆ ಕತ್ತರಿ ಬೀಳಬಾರದು ಎಂದೂ ನಿಯಮದಲ್ಲೇ ಬರೆದಿದೆ. ಅದನ್ನು ಓದದೆ ಬರೆದ ಪ್ರೋಗ್ರಾಂಗಳು ಮಧ್ಯಕ್ಕೇ ಕತ್ತರಿಸುತ್ತವೆ. ಸಾಲಿನ ನಡುವೆ ಪ್ರಶ್ನಾರ್ಥಕ ಚಿಹ್ನೆ ಹೊತ್ತ ಕಪ್ಪು ವಜ್ರ ಕಂಡರೆ ಅನುಮಾನ ಮೊದಲು ಹೋಗಬೇಕಾದ್ದು ಇಲ್ಲಿಗೆ.

ಇನ್ನು ಫೈಲಿನ ಹೆಸರಿಗೆ ಬೇರೆಯೇ ನಿಯಮ, 1997ರದ್ದು. ಅಲ್ಲಿ ಒಂದೊಂದು ಬೈಟಿಗೂ ಪ್ರತಿಶತ ಚಿಹ್ನೆಯೂ ಎರಡು ಅಕ್ಷರವೂ ಬೇಕು. ‘ಶಿಡ್ಲಘಟ್ಟ’ ಒಂದಕ್ಕೇ 81 ಅಕ್ಷರ. ಹೆಸರು ಉದ್ದವಾದರೆ ಅಂಕಿ ಹಾಕಿ ಭಾಗ ಮಾಡಬೇಕು. ಇದನ್ನು ಕೈಯಿಂದ ಬರೆಯಲು ಹೊರಟವರು ಎಡವುತ್ತಾರೆ. ಹಳೆಯ ಪಾಠಗಳಿಂದ ನಕಲಾಗುತ್ತಲೇ ಬಂದ ಒಂದು ಸಾಲು ಇದೆ. ‘ಅಟ್ಯಾಚ್‌ಮೆಂಟ್; ಫೈಲ್‌ನೇಮ್=’ ಎಂಬ ವಾಕ್ಯದ ಬಾಲಕ್ಕೆ ಹೆಸರನ್ನು ನೇರ ಅಂಟಿಸುವ ಸಾಲು. ಇಂಗ್ಲಿಷ್ ಹೆಸರಿಗೆ ಅದು ನಡೆಯುತ್ತದೆ. ಕನ್ನಡದ ಹೆಸರು ಸಿಕ್ಕಿದ ಕೂಡಲೇ ಪೈಥಾನ್‌ನ ಹಳೆಯ ವಿಧಾನ ಆ ಇಡೀ ವಾಕ್ಯವನ್ನೇ ಬೇಸ್64ಕ್ಕೆ ತಿರುಗಿಸಿಬಿಡುತ್ತದೆ. ಓದುವ ಕಡೆಯವನಿಗೆ ಇದು ಅಟ್ಯಾಚ್‌ಮೆಂಟ್ ಅನ್ನುವುದೇ ತಿಳಿಯದು, ಹೆಸರಂತೂ ದೂರ. ‘ನೋನೇಮ್’ ಹುಟ್ಟುವುದು ಹೀಗೆ. ಹೆಸರನ್ನು ವಾಕ್ಯಕ್ಕೆ ಹೊಲಿಯದೆ ಪ್ರತ್ಯೇಕ ಫೈಲ್‌ನೇಮ್ ಆರ್ಗ್ಯುಮೆಂಟ್ ಆಗಿ ಕೊಟ್ಟರೆ ಉಳಿದದ್ದನ್ನು ಪೈಥಾನ್ ನೋಡಿಕೊಳ್ಳುತ್ತದೆ. ದೋಷ ಕನ್ನಡದ್ದಲ್ಲ.

‘ಮೇಲ್‌ನಲ್ಲಿ ಬಂದು ಕನ್ನಡ ಹಾಳಾಯಿತು’

ಎಷ್ಟೋ ಕಚೇರಿಗಳಲ್ಲಿ, ಡಿಟಿಪಿ ಅಂಗಡಿಗಳಲ್ಲಿ ಇವತ್ತಿಗೂ ಹಳೆಯ ನುಡಿ ಅಥವಾ ಬರಹ ಫಾಂಟಿನಲ್ಲಿ ಟೈಪ್ ಮಾಡಿದ ವರ್ಡ್ ಫೈಲುಗಳು ಓಡಾಡುತ್ತವೆ. ಆ ಫಾಂಟುಗಳು ಇಂಗ್ಲಿಷ್ ಅಕ್ಷರದ ಸಂಖ್ಯೆಗಳ ಮೇಲೆ ಕನ್ನಡದ ಚಿತ್ರ ಕೂರಿಸಿದ್ದವು. ಫೈಲಿನೊಳಗೆ ಕನ್ನಡ ಅನ್ನುವುದು ಎಂದೂ ಇರಲೇ ಇಲ್ಲ. ಫಾಂಟ್ ಇರುವ ಯಂತ್ರದಲ್ಲಿ ಕನ್ನಡ, ಇಲ್ಲದ ಮೊಬೈಲ್‌ನಲ್ಲಿ ಗೊಂದಲ. ಮೇಲ್ ಮಾತ್ರ ಕೊಟ್ಟ ಬೈಟನ್ನು ಕೊಟ್ಟಂತೆ ತಲುಪಿಸಿರುತ್ತದೆ. ಪಿಡಿಎಫ್ ಮಾಡಿದರೆ ಫಾಂಟ್ ಒಳಗೇ ಸೇರುವುದರಿಂದ ಕಣ್ಣಿಗೆ ಸರಿ ಕಾಣುತ್ತದೆ ನಿಜ, ಆದರೆ ಅದರಿಂದ ನಕಲಿಸಿ ಬೇರೆಡೆ ಅಂಟಿಸಿ ನೋಡಿ, ಮತ್ತೆ ಅದೇ ಗೊಂದಲ. ಯೂನಿಕೋಡಿಗೆ ಪರಿವರ್ತಿಸಿ ಕಳುಹಿಸುವುದೊಂದೇ ದಾರಿ.

‘ಫೈಲಿನ ಬಾಲವೇ ಅದರ ಜಾತಿ’

ಹೆಸರಿನ ಕೊನೆಯ ಪಿಡಿಎಫ್, ಜೆಪಿಜಿ ಬರೀ ಸುಳಿವು. ಮೇಲ್‌ನಲ್ಲಿ ಜಾತಿಯನ್ನು ಬೇರೆಯಾಗಿಯೇ ಬರೆಯಬೇಕು. ಪೈಥಾನ್‌ನ ಮೈಮ್‌ಟೈಪ್ಸ್ ಮಾಡ್ಯೂಲ್ ಬಾಲ ನೋಡಿ ಊಹಿಸುತ್ತದೆ, ಒಳಗೆ ಇಣುಕುವುದಿಲ್ಲ. ಗೌರಿಬಿದನೂರಿನ ರೇಡಿಯೊ ವೀಕ್ಷಣಾಲಯದಲ್ಲಿ ಭಾರತೀಯ ಖಭೌತ ಸಂಸ್ಥೆಯವರು ಸೂರ್ಯನ ರೇಡಿಯೊ ಅಲೆಗಳನ್ನು ಹಿಡಿಯುತ್ತಾರಲ್ಲ, ಖಗೋಳದವರ ನಡುವೆ ಅಂಥ ದತ್ತಾಂಶಕ್ಕೆ ಫಿಟ್ಸ್ ಎಂಬ ಸ್ವರೂಪ ಚಾಲ್ತಿಯಲ್ಲಿದೆ. ಅದಕ್ಕೆ 2005ರಲ್ಲೇ ಅಧಿಕೃತ ಮೈಮ್ ಹೆಸರು ಸಿಕ್ಕಿದೆ. ಆದರೂ ನಿಮ್ಮ ಗಣಕದ ಪಟ್ಟಿಯಲ್ಲಿ ಅದಿಲ್ಲದಿದ್ದರೆ ಪೈಥಾನ್ ‘ನನ್’ ಎನ್ನುತ್ತದೆ. ಆಗ ‘ಆಕ್ಟೆಟ್-ಸ್ಟ್ರೀಮ್’ ಎಂದು ಬರೆದು ಕಳುಹಿಸಬಹುದು, ತಪ್ಪೇನಿಲ್ಲ.

‘ಇಪ್ಪತ್ತು ಸಾಲು ಬರೆಯದೆ ಆಗದು’

2016ರ ಡಿಸೆಂಬರಿನಲ್ಲಿ ಪೈಥಾನ್ 3.6 ಬಂದಾಗಿನಿಂದ ‘ಈಮೇಲ್‌ಮೆಸೇಜ್’ ಎಂಬ ಹೊಸ ವಿಧಾನ ಸ್ಥಿರವಾಗಿದೆ. ‘ಸೆಟ್_ಕಂಟೆಂಟ್’ ಎಂದು ಒಕ್ಕಣೆ, ‘ಆಡ್_ಅಟ್ಯಾಚ್‌ಮೆಂಟ್’ ಎಂದು ಫೈಲ್, ಬೌಂಡರಿ-ಬೇಸ್64 ಎಲ್ಲ ಅದರ ತಲೆನೋವು. ಹೀಗಿದ್ದೂ ಮೈಮ್‌ಮಲ್ಟಿಪಾರ್ಟ್, ಮೈಮ್‌ಬೇಸ್ ಎಂದು ಹಳೆಯ ಮಂತ್ರವನ್ನೇ ಕಲಿಸುವವರಿದ್ದಾರೆ, ಯಾಕೋ ತಿಳಿಯದು. ಕ್ರಮ ಮಾತ್ರ ತಪ್ಪಬಾರದು. ಮೊದಲು ಒಕ್ಕಣೆ, ಎಚ್‌ಟಿಎಂಎಲ್ ರೂಪ ಇದ್ದರೆ ಆಮೇಲೆ ಅದು, ಫೈಲ್ ಕಡೆಗೆ. ಫೈಲ್ ಸೇರಿಸಿದ ಮೇಲೆ ಎಚ್‌ಟಿಎಂಎಲ್ ಸೇರಿಸಹೋದರೆ ಎರರ್ ಬರುತ್ತದೆ.

ಜಿಮೇಲ್ ಪಾಸ್‌ವರ್ಡನ್ನೇ ಪ್ರೋಗ್ರಾಂನಲ್ಲಿ ಬರೆದರೆ ಸಾಕು ಎನ್ನುವ ಹಳೆಯ ಸಲಹೆಯೂ 2022ರ ಮೇ 30ಕ್ಕೆ ಕೊನೆಗೊಂಡಿತು. ಈಗ ಎರಡು ಹಂತದ ದೃಢೀಕರಣ ಹಾಕಿ ಆಪ್ ಪಾಸ್‌ವರ್ಡ್ ಪಡೆಯಬೇಕು, ಇಲ್ಲವೇ ಪಾಸ್‌ವರ್ಡ್ ಕೊಡದೆ ಅನುಮತಿ ಪಡೆಯುವ ಓಆತ್ ಬಳಸಬೇಕು.

‘ಬಿಸಿಸಿ ಹಾಕಿದರೆ ಯಾರಿಗೂ ಕಾಣಲ್ಲ, ಎರರ್ ಬರಲಿಲ್ಲ ಅಂದರೆ ತಲುಪಿತು’

ಎರಡೂ ಅರ್ಧ ಸತ್ಯ. ಬಿಸಿಸಿ ಸಾಲನ್ನು ಅಳಿಸುವುದು ಕಳುಹಿಸುವ ಪ್ರೋಗ್ರಾಂನ ಕೆಲಸ. ಪೈಥಾನ್‌ನ ‘ಸೆಂಡ್_ಮೆಸೇಜ್’ ಅದನ್ನು ತಾನೇ ಬಿಟ್ಟುಬಿಡುತ್ತದೆ. ಹಳೆಯ ‘ಸೆಂಡ್‌ಮೇಲ್’ಗೆ ಇಡೀ ಪಠ್ಯ ಕೊಟ್ಟರೆ ಸಾಲು ಹಾಗೇ ಹೋಗಬಹುದು. ಆಗ ಪಟ್ಟಿಯಲ್ಲಿರುವ ಅಷ್ಟೂ ರೀಲರುಗಳ ವಿಳಾಸ ಎಲ್ಲರ ಕೈಗೂ ಸಿಕ್ಕಿತು.

ಇನ್ನು ತಲುಪುವ ಮಾತು. ಸರ್ವರ್ ಕೊಡುವ 250 ಎಂಬ ಉತ್ತರಕ್ಕೆ ‘ನಾನು ತೆಗೆದುಕೊಂಡೆ, ಮುಂದಕ್ಕೆ ಸಾಗಿಸುತ್ತೇನೆ’ ಎಂದಷ್ಟೇ ಅರ್ಥ. ಸ್ಪ್ಯಾಮ್ ಪೆಟ್ಟಿಗೆಗೆ ಬಿದ್ದರೂ ನಿಮಗೆ ಸಿಕ್ಕಿದ್ದು ಅದೇ 250. ಪಟ್ಟಿಯ ನಾಲ್ಕು ವಿಳಾಸವನ್ನು ಸರ್ವರ್ ಅಲ್ಲೇ ನಿರಾಕರಿಸಿದರೂ ಪೈಥಾನ್ ಕೂಗುವುದಿಲ್ಲ, ಎಲ್ಲವನ್ನೂ ನಿರಾಕರಿಸಿದಾಗ ಮಾತ್ರ ಎಕ್ಸೆಪ್ಷನ್. ನಾಲ್ಕರ ವಿವರ ಒಂದು ಡಿಕ್ಷನರಿಯಾಗಿ ಸದ್ದಿಲ್ಲದೆ ಹಿಂದಿರುಗುತ್ತದೆ. ಅದನ್ನು ಒಂದು ವೇರಿಯಬಲ್‌ಗೆ ಹಿಡಿದು ಬರೆದಿಡುವವರು ಕಡಿಮೆ. ಆಮೇಲೆ ತಡವಾಗಿ ಬರುವ ಬೌನ್ಸ್ ಕೂಡ ಹೋಗುವುದು ‘ಫ್ರಂ’ ಸಾಲಿನ ವಿಳಾಸಕ್ಕಲ್ಲ, ಕಳುಹಿಸುವಾಗ ಸರ್ವರಿಗೆ ಬೇರೆಯಾಗಿ ಹೇಳಿದ ವಿಳಾಸಕ್ಕೆ. ಅಲ್ಲಿ ಯಾರೂ ತೆರೆಯದ ಅಂಚೆಪೆಟ್ಟಿಗೆ ಕೊಟ್ಟಿದ್ದರೆ, ಮೇಲ್ ಹೋಗಲಿಲ್ಲ ಅನ್ನುವ ಸುದ್ದಿಯೂ ಯಾರಿಗೂ ತಲುಪುವುದಿಲ್ಲ.