ಅರ್ಥಧಾರಿಯ ಮೌನವೂ ಒಂದು ಸೌಂಡ್ ಕಾರ್ಡೂ

ಸೌಂಡ್ ಕಾರ್ಡ್ ಎಂಬ ಬಿಡಿಭಾಗವನ್ನು ಇಂದು ಕಂಪ್ಯೂಟರ್ ಕೊಳ್ಳುವವರು ಕೇಳುವುದಿಲ್ಲ. ಮಾರುವವರು ತಾವಾಗಿ ತೋರಿಸುವುದೂ ಇಲ್ಲ. ಒಂದು ಕಾಲಕ್ಕೆ ಅದಿಲ್ಲದ ಕಂಪ್ಯೂಟರಿಗೆ ಬಾಯಿಯೇ ಇರಲಿಲ್ಲವೆನ್ನಬೇಕು. 1981ರಲ್ಲಿ ಬಂದ ಐಬಿಎಂ ಪಿಸಿಯೊಳಗಿದ್ದುದು ‘ಬೀಪ್’ ಎನ್ನುವುದಕ್ಕಷ್ಟೇ ಸಾಲುವ ಪುಟ್ಟ ಸ್ಪೀಕರ್. 1987ರಲ್ಲಿ ಕೆನಡಾದ ಆಡ್‌ಲಿಬ್ ಕಂಪನಿಯ ಕಾರ್ಡ್ ಅದಕ್ಕೆ ಸಂಗೀತ ಕಲಿಸಿತು. ಎರಡು ವರ್ಷಗಳ ಬಳಿಕ ಸಿಂಗಪುರದ ಸಿಮ್ ವಾಂಗ್ ಹೂ ಅವರ ಕ್ರಿಯೇಟಿವ್ ಕಂಪನಿ ‘ಸೌಂಡ್ ಬ್ಲಾಸ್ಟರ್’ ತಂದಾಗ, ಮನುಷ್ಯರ ಮಾತನ್ನು ಕೇಳಿಸುವ, ಒಂದಿಷ್ಟು ದಾಖಲಿಸುವ ಶಕ್ತಿಯೂ ಮನೆಯ ಕಂಪ್ಯೂಟರಿಗೆ ಒದಗಿತು. 1992ರ ಹೊತ್ತಿಗೆ ಅದೇ ಕಂಪನಿಯ ಕಾರ್ಡ್ 16 ಬಿಟ್‌ಗೆ ಏರಿ, ಕಾಗದದ ಮೇಲಾದರೂ ಸಿ.ಡಿ.ಗೆ ಸಮನಾಯಿತು.

ಆ ವೈಭವ ಬಹುಕಾಲ ಉಳಿಯಲಿಲ್ಲ. 1997ರಲ್ಲಿ ಇಂಟೆಲ್ ರೂಪಿಸಿದ ‘ಎಸಿ 97’ ಮಾನದಂಡ ಧ್ವನಿಯ ಕೆಲಸವನ್ನು ಮದರ್‌ಬೋರ್ಡಿನ ಮೇಲಿನ ಅಗ್ಗದ ಚಿಪ್ ಒಂದಕ್ಕೆ ವಹಿಸಿತು. 2004ರ ‘ಎಚ್‌ಡಿ ಆಡಿಯೊ’ ಅದನ್ನು ಇನ್ನಷ್ಟು ಸುಧಾರಿಸಿತು. 2007ರಲ್ಲಿ ವಿಂಡೋಸ್ ವಿಸ್ತಾ ಬಂದಾಗ, ಆಟಗಳ ಧ್ವನಿಯನ್ನು ನೇರವಾಗಿ ಕಾರ್ಡಿಗೆ ಒಪ್ಪಿಸುತ್ತಿದ್ದ ಹಳೆಯ ದಾರಿಯೂ ಮುಚ್ಚಿಹೋಯಿತು. 2023ರ ಜನವರಿಯಲ್ಲಿ ಸಿಮ್ ತೀರಿಕೊಂಡಾಗ ಅವರ ಹೆಸರಿಗಿಂತ ಅವರ ಕಾರ್ಡಿನ ಹೆಸರನ್ನೇ ಹೆಚ್ಚು ಮಂದಿ ನೆನಪಿಸಿಕೊಂಡಿರಬೇಕು.

ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ನಾನು ಸೌಂಡ್ ಕಾರ್ಡ್ ಕೇಳಿದಾಗ ಅಂಗಡಿಯವರು ನನ್ನನ್ನು ಒಮ್ಮೆ ಮೇಲಿಂದ ಕೆಳಗೆ ನೋಡಿ, ‘ಈಗ ಅದನ್ನ ಯಾರು ಹಾಕಿಸ್ತಾರೆ ಸಾರ್? ಬೋರ್ಡಲ್ಲೇ ಬರುತ್ತಲ್ಲ’ ಎಂದರು. ಅವರ ಮಾತಿನಲ್ಲಿ ತಪ್ಪಿರಲಿಲ್ಲ. ರಿಯಲ್‌ಟೆಕ್ ಕಂಪನಿಯ ‘ಎಎಲ್‌ಸಿ 1220’ ಎಂಬ ಚಿಪ್ ಇರುವ ಮದರ್‌ಬೋರ್ಡುಗಳು, ಕೇಳಿಸುವ ಬದಿಯಲ್ಲಿ ಧ್ವನಿಗೂ ಗದ್ದಲಕ್ಕೂ ನಡುವೆ 120 ಡೆಸಿಬೆಲ್‌ಗಳ ಅಂತರವಿದೆ ಎಂದು ಸಾರಿಕೊಳ್ಳುತ್ತವೆ. ಸಿ.ಡಿ.ಯ 16 ಬಿಟ್‌ಗೆ ದಕ್ಕುವುದು ಸುಮಾರು 96. ಹಾಡು ಕೇಳಲು, ಸಿನಿಮಾ ನೋಡಲು ಪ್ರತ್ಯೇಕ ಕಾರ್ಡ್ ಬೇಕೇಬೇಕು ಎನ್ನುವವರನ್ನು ಕಂಡರೆ ನನಗೂ ಈಗ ಅನುಮಾನವೇ. ಆ ಹಣವನ್ನು ಒಳ್ಳೆಯ ಸ್ಪೀಕರಿಗೆ ಹಾಕಿದರೆ ಹೆಚ್ಚು ಲಾಭ. ಆದರೆ ನನಗೆ ಬೇಕಾಗಿದ್ದುದು ಕಂಪ್ಯೂಟರಿನ ಬಾಯಿಯಲ್ಲ, ಕಿವಿ.

ದಕ್ಷಿಣ ಕನ್ನಡದ ನಮ್ಮ ಹಳೆಯ ಮನೆಯ ಅಟ್ಟದಲ್ಲಿ ದೊಡ್ಡಪ್ಪನವರ ಕ್ಯಾಸೆಟ್ಟುಗಳ ಪೆಟ್ಟಿಗೆ ಒಂದಿದೆ. ಲೆಕ್ಕ ಹಾಕಿದರೆ ನೂರಕ್ಕೂ ಮೇಲೆ. ಬಹುಪಾಲು ತಾಳಮದ್ದಳೆಗಳು: ದೇವಸ್ಥಾನದ ಜಗಲಿಯಲ್ಲೋ ಶಾಲೆಯ ಸಭಾಂಗಣದಲ್ಲೋ ಮುಂದಿನ ಸಾಲಿನಲ್ಲಿ ಕೂತು, ಮಡಿಲಲ್ಲಿ ಟೇಪ್ ರೆಕಾರ್ಡರ್ ಇಟ್ಟುಕೊಂಡು ಅವರು ತುಂಬಿಸಿಕೊಂಡವು. ತಾಳಮದ್ದಳೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ ಹೇಳುತ್ತಾರೆ, ಅರ್ಥಧಾರಿ ಆ ಪದವನ್ನು ಹಿಡಿದು ಆ ಕ್ಷಣದಲ್ಲಿ ತನಗೆ ಹೊಳೆದ ಮಾತನ್ನು ಕಟ್ಟುತ್ತಾನೆ. ಪದಕ್ಕೆ ಪುಸ್ತಕವಿದೆ, ಅರ್ಥಕ್ಕೆ ಇಲ್ಲ. ಶೇಣಿ ಗೋಪಾಲಕೃಷ್ಣ ಭಟ್ಟರು (1918–2006), ಮಲ್ಪೆ ರಾಮದಾಸ ಸಾಮಗರು ಮೊದಲಾದವರು ಒಂದು ರಾತ್ರಿ ಆಡಿದ ಮಾತು ಮರುರಾತ್ರಿ ಅದೇ ಪ್ರಸಂಗದಲ್ಲೂ ಮರಳುತ್ತಿರಲಿಲ್ಲ. ಹಾಗಾಗಿ ಪ್ರೇಕ್ಷಕರೊಬ್ಬರ ಕ್ಯಾಸೆಟ್ಟೇ ಎಷ್ಟೋ ಕೂಟಗಳ ಏಕೈಕ ಪ್ರತಿ. ಚಾಮರಾಜಪೇಟೆಯ ಕೋಟೆ ಪ್ರೌಢಶಾಲೆಯ ಮೈದಾನದಲ್ಲಿ ರಾಮನವಮಿಯ ಕಛೇರಿಗಳನ್ನು ಹೀಗೆಯೇ ಹಿಡಿದಿಟ್ಟ ರಸಿಕರ ಮನೆಗಳಲ್ಲಿಯೂ ಇಂಥ ಪೆಟ್ಟಿಗೆಗಳು ಇರುತ್ತವೆ.

ಇವನ್ನು ಕಂಪ್ಯೂಟರಿಗೆ ಇಳಿಸುವುದೆಂದರೆ ಬೇಗ ಮುಗಿಯುವ ಕೆಲಸವಲ್ಲ. ತೊಂಬತ್ತು ನಿಮಿಷದ ಕ್ಯಾಸೆಟ್ಟಿಗೆ ತೊಂಬತ್ತು ನಿಮಿಷವೇ ಬೇಕು. ನೂರು ಕ್ಯಾಸೆಟ್ಟಿಗೆ ನೂರೈವತ್ತು ಗಂಟೆ. ಕರಾವಳಿಯ ತೇವದಲ್ಲಿ ಮೂವತ್ತು ಮಳೆಗಾಲ ಕಂಡ ಟೇಪಿಗೆ ಬೂಷ್ಟು ಹಿಡಿದಿರುತ್ತದೆ. ಟೇಪನ್ನು ಹೆಡ್ಡಿಗೆ ಒತ್ತಿ ಹಿಡಿಯುವ ಪುಟ್ಟ ಮೆತ್ತೆ ಗೋಂದು ಬಿಟ್ಟು ಕಳಚಿಕೊಳ್ಳುತ್ತದೆ. ಇಂಥ ಟೇಪು ಇನ್ನೊಮ್ಮೆ ಸರಾಗವಾಗಿ ಓಡುತ್ತದೆಂಬ ಭರವಸೆಯಿಲ್ಲ. ಆದ್ದರಿಂದ ಮೊದಲ ಸಲವೇ ಸರಿಯಾಗಿ ಇಳಿಯಬೇಕು ಎಂಬುದು ನನ್ನ ಹಟವಾಗಿತ್ತು.

ಹಾಗಾಗಿ ಕ್ಯಾಸೆಟ್ ಹಾಕುವ ಮೊದಲು ನಾನು ಮೌನವನ್ನೇ ದಾಖಲಿಸಿದೆ. ಡೆಕ್ಕನ್ನು ನನ್ನ ಪಿಸಿಯ ಲೈನ್-ಇನ್ ರಂಧ್ರಕ್ಕೆ ಜೋಡಿಸಿ, ಟೇಪ್ ಓಡಿಸದೆ, ಐದು ನಿಮಿಷ ರೆಕಾರ್ಡ್ ಮಾಡಿ, ಬಳಿಕ ಹೆಡ್‌ಫೋನಿನಲ್ಲಿ ಧ್ವನಿ ಏರಿಸಿ ಕೇಳಿದೆ. ಗುಂಯ್ ಎಂಬ ಒಂದು ತಳಸ್ವರ: ಮನೆಯ ವಿದ್ಯುತ್ತಿನ 50 ಹರ್ಟ್ಸ್ ಮತ್ತು ಅದರ ಮರಿಗಳು. ಅದರ ಮೇಲೆ ಮೌಸ್ ಅಲ್ಲಾಡಿಸಿದಾಗಲೆಲ್ಲ ಜೀರುಂಡೆಯಂತಹ ಚಿರಿಚಿರಿ. ಮದರ್‌ಬೋರ್ಡಿನ ಮೇಲೆ ಧ್ವನಿಯ ಚಿಪ್‌ಗೆ ಸ್ವಂತ ಮನೆಯಿಲ್ಲ. ಪ್ರೊಸೆಸರ್, ಗ್ರಾಫಿಕ್ಸ್ ಕಾರ್ಡ್, ಕ್ಷಣಕ್ಕೆ ಸಾವಿರಾರು ಸಲ ತೆರೆದು ಮುಚ್ಚುವ ವಿದ್ಯುತ್ ಪೂರೈಕೆ, ಇವೆಲ್ಲದರ ನಡುವೆ ಅದು ಕಿವಿ ತೆರೆದುಕೊಂಡು ಕೂತಿರುತ್ತದೆ. ಹಾಡು ಕೇಳುವಾಗ ಈ ಗದ್ದಲ ಸಂಗೀತದ ಕೆಳಗೆ ಅಡಗಿಬಿಡುತ್ತದೆ. ದಾಖಲಿಸುವಾಗ ಅದು ಕಡತದೊಳಗೇ ಸೇರಿ ಶಾಶ್ವತವಾಗುತ್ತದೆ.

ಕ್ಯಾಸೆಟ್ಟಿಗೇ ತನ್ನದೇ ಆದ ‘ಸ್‌ಸ್’ ಇದೆಯಲ್ಲ, ಅದರ ಮುಂದೆ ಇದೇನು ದೊಡ್ಡದು ಎಂದು ಓದುಗರು ಕೇಳಬಹುದು. ಪ್ರಶ್ನೆ ಸರಿಯಾದುದೇ. ಸಾಮಾನ್ಯ ಕ್ಯಾಸೆಟ್ಟಿನ ಧ್ವನಿವ್ಯಾಪ್ತಿ 50–55 ಡೆಸಿಬೆಲ್ ದಾಟುವುದು ಕಷ್ಟ. ಬಿಟ್ಟುಗಳ ಲೆಕ್ಕದಲ್ಲಿ ಅಗ್ಗದ ಚಿಪ್ ಕೂಡ ಅದನ್ನು ಸುಲಭವಾಗಿ ನುಂಗಬಲ್ಲದು. ಆದರೆ ಟೇಪಿನ ಸದ್ದು ಮಳೆಯ ಸದ್ದಿನಂತೆ ಹರಡಿಕೊಂಡಿರುವಂಥದು, ಕಿವಿ ಅದಕ್ಕೆ ಹೊಂದಿಕೊಳ್ಳುತ್ತದೆ. ಗುಂಯ್‌ಗುಡುವ ಒಂಟಿ ಸ್ವರಕ್ಕೆ, ತಾಳತಪ್ಪಿ ಬರುವ ಚಿರಿಚಿರಿಗೆ ಅದು ಒಗ್ಗುವುದಿಲ್ಲ. ಅದೂ ತಾಳಮದ್ದಳೆಯಲ್ಲಿ! ಎದುರಾಳಿಯ ಪ್ರಶ್ನೆ ಬಿದ್ದ ಮೇಲೆ ಒಳ್ಳೆಯ ಅರ್ಥಧಾರಿ ತಕ್ಷಣ ಉತ್ತರಿಸುವುದಿಲ್ಲ. ಒಂದೆರಡು ಕ್ಷಣ ಸುಮ್ಮನಿರುತ್ತಾನೆ, ಸಭೆಯೂ ಉಸಿರು ಹಿಡಿಯುತ್ತದೆ. ಆ ಮೌನವೂ ಅವನ ವಾದದ ಭಾಗ. ಅಲ್ಲಿ ನನ್ನ ಕಂಪ್ಯೂಟರಿನ ಮೌಸ್ ಮಾತಾಡಿದರೆ?

ಆಮೇಲೆ ತಂತ್ರಾಂಶದಿಂದ ಗದ್ದಲ ತೆಗೆದರಾಯಿತು ಎಂಬ ಸಲಹೆಯನ್ನು ಅನೇಕರು ಕೊಟ್ಟರು. ತೆಗೆಯಬಹುದು, ಆದರೆ ಬೆಲೆ ತೆರಬೇಕು. ನಮ್ಮ ಶ, ಷ, ಸಗಳ ಗುರುತು ಇರುವುದು ಬಹುಮಟ್ಟಿಗೆ ಮೇಲಿನ ಕಂಪನಗಳಲ್ಲಿ. ಟೇಪಿನ ‘ಸ್‌ಸ್’ ಕಿವಿಗೆ ಬೀಳುವುದೂ ಅಲ್ಲಿಯೇ. ಒಂದನ್ನು ಉಜ್ಜಿದರೆ ಇನ್ನೊಂದೂ ಸವೆಯುತ್ತದೆ; ಮಾತು ನೀರಿನಡಿಯಿಂದ ಬಂದಂತೆ ಕೇಳುತ್ತದೆ. ಸಂಸ್ಕೃತಭೂಯಿಷ್ಠ ಅರ್ಥಗಾರಿಕೆಗೆ ಇದಕ್ಕಿಂತ ಅಪಚಾರ ಬೇರೊಂದಿಲ್ಲ. ಇನ್ನೂ ವಿಚಿತ್ರವಾದುದು, ಈಗಿನ ಲ್ಯಾಪ್‌ಟಾಪುಗಳು ಫೋನ್ ಸಂಭಾಷಣೆಗೆಂದು ತಾವಾಗಿಯೇ ಚಾಲೂ ಮಾಡುವ ಗದ್ದಲನಿವಾರಣೆ. ಏರಿಳಿತವಿಲ್ಲದೆ ನಿರಂತರ ಕೇಳುವುದನ್ನೆಲ್ಲ ಅದು ಫ್ಯಾನಿನ ಸದ್ದೆಂದು ಬಗೆಯುತ್ತದೆ. ಅಂದರೆ ಹಾರ್ಮೋನಿಯಂ ಶ್ರುತಿಯನ್ನೂ ತಂಬೂರಿಯನ್ನೂ ಗದ್ದಲವೆಂದೇ ತಿಳಿದು ಅಳಿಸತೊಡಗುತ್ತದೆ. ಸೆಟ್ಟಿಂಗ್ಸ್‌ನಲ್ಲಿ ಇದನ್ನು ಆರಿಸದೆ ಯಾರೂ ಸಂಗೀತದ ಟೇಪನ್ನು ಇಳಿಸಕೂಡದು.

ಲ್ಯಾಪ್‌ಟಾಪಿನ ಸಂಗತಿ ಇನ್ನೂ ಕಠಿಣ. ಹೆಚ್ಚಿನವುಗಳಲ್ಲಿ ಲೈನ್-ಇನ್ ಇರುವುದೇ ಇಲ್ಲ; ಹೆಡ್‌ಫೋನು, ಮೈಕು ಎರಡಕ್ಕೂ ಒಂದೇ ರಂಧ್ರ, ಮೈಕಿಗೆ ಒಂದೇ ತಂತಿ. ಕ್ಯಾಸೆಟ್ಟಿನ ಎಡ-ಬಲ ಎರಡೂ ಅಲ್ಲಿ ಒಂದಾಗಿಬಿಡುತ್ತವೆ. ಮೈಕಿನ ರಂಧ್ರ ನಿರೀಕ್ಷಿಸುವುದು ಕೆಲವು ಮಿಲಿವೋಲ್ಟ್. ಡೆಕ್ ಕಳಿಸುವುದು ಸುಮಾರು ಮೂರನೇ ಒಂದು ವೋಲ್ಟ್. ಮದ್ದಳೆಯ ಒಂದು ಪೆಟ್ಟಿಗೆ ಧ್ವನಿಯ ನೆತ್ತಿಯೇ ಕತ್ತರಿಸಿಹೋಗುತ್ತದೆ, ಹೀಗೆ ಕತ್ತರಿಸಿದುದನ್ನು ಮರಳಿ ಬೆಳೆಸುವ ಮಂತ್ರ ಯಾರಲ್ಲೂ ಇಲ್ಲ.

ಹಾಗಾದರೆ ಕೊಳ್ಳುವುದೇನನ್ನು? ಪೆಟ್ಟಿಗೆಯೊಳಗೆ ಸಿಕ್ಕಿಸುವ ಕಾರ್ಡ್ ಖಂಡಿತ ಉತ್ತಮವೇ, ಆದರೆ ಅದೂ ಅದೇ ಗದ್ದಲದ ಓಣಿಯಲ್ಲೇ ವಾಸಿಸಬೇಕು. ಒಂದು ಕಾಲದಲ್ಲಿ ಟೇಪು ಇಳಿಸುವವರ ಅಚ್ಚುಮೆಚ್ಚಾಗಿದ್ದ ಎಂ-ಆಡಿಯೊದ ‘ಆಡಿಯೊಫೈಲ್ 2496’ ಹಳೆಯ ಪಿಸಿಐ ರಂಧ್ರಕ್ಕೆ ಹೊಂದುವಂಥದು. ಹೊಸ ಮದರ್‌ಬೋರ್ಡುಗಳಲ್ಲಿ ಆ ರಂಧ್ರ ಕಾಣುವುದೇ ಅಪರೂಪ. ಈಗಿನ ಜಾಣತನವೆಂದರೆ ಯುಎಸ್‌ಬಿ ತಂತಿಯ ತುದಿಯಲ್ಲಿ ಹೊರಗೆ ಕೂರುವ ಪುಟ್ಟ ಪೆಟ್ಟಿಗೆ, ಆಡಿಯೊ ಇಂಟರ್‌ಫೇಸ್. ಇದೂ ಸೌಂಡ್ ಕಾರ್ಡೇ, ಮನೆಯಿಂದ ಹೊರಬಂದು ಬೇರೆ ಸಂಸಾರ ಹೂಡಿದೆ, ಅಷ್ಟೆ. ಕೆಲವು ಸಾವಿರ ರೂಪಾಯಿಗಳಿಗೆ ಎಡ-ಬಲ ಎರಡೂ ಲೈನ್-ಇನ್ ಇರುವಂಥದು ಸಿಗುತ್ತದೆ. ನಾನು ಕೊಂಡದ್ದೂ ಅಂಥದನ್ನೇ. ಅದೇ ಮೌನವನ್ನು ಮತ್ತೆ ದಾಖಲಿಸಿದಾಗ ಚಿರಿಚಿರಿ ಇರಲಿಲ್ಲ. ಗುಂಯ್ ಮಾತ್ರ ಒಂದಿಷ್ಟು ಉಳಿದಿತ್ತು. ಡೆಕ್ಕನ್ನೂ ಕಂಪ್ಯೂಟರನ್ನೂ ಗೋಡೆಯ ಒಂದೇ ಪ್ಲಗ್ಗಿನಿಂದ ನಡೆಸಿದಾಗ ಅದೂ ಅಡಗಿತು. ಲ್ಯಾಪ್‌ಟಾಪ್ ಆದರೆ ಚಾರ್ಜರ್ ಕಿತ್ತು ಬ್ಯಾಟರಿಯಲ್ಲೇ ನಡೆಸುವುದು ಅದಕ್ಕೂ ಸರಳ.

ದಾಖಲೆಯ ಮಟ್ಟ 24 ಬಿಟ್, 48 ಕಿಲೊಹರ್ಟ್ಸ್ ಇರಲಿ. ಧ್ವನಿ ದಾಖಲಾಗಾರಗಳ ಅಂತರರಾಷ್ಟ್ರೀಯ ಸಂಘ ಐಎಎಸ್‌ಎ ಕೂಡ ಇದನ್ನೇ ಕನಿಷ್ಠವೆನ್ನುತ್ತದೆ. ಕ್ಯಾಸೆಟ್ಟಿಗೆ ಅಷ್ಟು ಬಿಟ್ಟುಗಳ ಅಗತ್ಯವಿಲ್ಲ ನಿಜ. ಆದರೆ ಮದ್ದಳೆಯ ಪೆಟ್ಟಿಗೆ ಹೆದರದೆ ಧ್ವನಿಯನ್ನು ತುಸು ಕೆಳಗಿಟ್ಟು ದಾಖಲಿಸುವ ನೆಮ್ಮದಿ ಅದರಿಂದ ಸಿಗುತ್ತದೆ. ಗಂಟೆಗೆ ಒಂದು ಗಿಗಾಬೈಟ್‌ನಷ್ಟು ಜಾಗ ಹಿಡಿಯುತ್ತದೆ, ಈ ದಿನಗಳಲ್ಲಿ ಅದೇನೂ ಹೊರೆಯಲ್ಲ.

ನಿಜವಾದ ಕೊರತೆ ಡೆಕ್ಕುಗಳದು. 2019ರಲ್ಲಿ ಯುನೆಸ್ಕೊ ಮತ್ತು ಐಎಎಸ್‌ಎ ಕೂಡಿ ಎಚ್ಚರಿಸಿದ್ದು ಇದನ್ನೇ: 2025ರ ಸುಮಾರಿಗೆ ಟೇಪು ಓದುವ ಯಂತ್ರಗಳೂ ಅವುಗಳ ಬಿಡಿಭಾಗಗಳೂ ದುರ್ಲಭವಾಗಲಿವೆ. ಆ ವರ್ಷವೂ ಬಂದು ಹೋಗಿದೆ. ನನ್ನ ಡೆಕ್ಕಿನ ರಬ್ಬರ್ ಬೆಲ್ಟನ್ನು ಈಗಾಗಲೇ ಒಮ್ಮೆ ಬದಲಿಸಿದ್ದೇನೆ. ಬದಲಿಸಿಕೊಟ್ಟ ಹಿರಿಯ ಮೆಕ್ಯಾನಿಕ್ ಇನ್ನೊಂದು ಬೆಲ್ಟನ್ನೂ ಕೈಗಿತ್ತು, ‘ಇಟ್ಕೊಂಡಿರಿ, ನನ್ನ ಹತ್ರ ಇರೋದು ಇಷ್ಟೇ’ ಎಂದರು. ಪೆಟ್ಟಿಗೆಯಲ್ಲಿ ಇನ್ನೂ ಅರವತ್ತೆರಡು ಕ್ಯಾಸೆಟ್ಟುಗಳಿವೆ. ಏಳರ ಮೇಲೆ ದೊಡ್ಡಪ್ಪನವರ ಅಕ್ಷರ ಮಾಸಿಹೋಗಿ, ಪ್ರಸಂಗ ಯಾವುದು, ಅರ್ಥ ಹೇಳಿದವರು ಯಾರು ಎಂಬುದು ಓಡಿಸಿ ಕೇಳಿದ ಹೊರತು ತಿಳಿಯುವಂತಿಲ್ಲ. ಈ ವಾರ ಅವನ್ನೇ ಮೊದಲು ಹಾಕುತ್ತಿದ್ದೇನೆ.