ಊರಿನ ಹೆಸರಿಂದಲೇ ಶುರುವಾಗಲಿ ನಿಘಂಟಿನ ಆಟ

ಮನೇಲಿ ಪುಟ್ಟ ತಮ್ಮನೋ ತಂಗಿಯೋ ಇದ್ದಾರಾ? ನಿಘಂಟು ಕೈಗಿಟ್ಟು 'ಹತ್ತು ಪದ ಬಾಯಿಪಾಠ ಮಾಡು' ಅಂದ್ರೆ ಆಸಕ್ತಿ ಅಲ್ಲಿಗೇ ಮುಗೀತು. ಮೊದಲು ಅರ್ಥ ಊಹಿಸೋಕೆ ಬಿಡಿ, ಆಮೇಲೆ ಹುಡುಕಿಸಿ.

ಶಿವಮೊಗ್ಗದವರು ಊರಿನ ಹೆಸರಿಂದಲೇ ಶುರು ಮಾಡಬಹುದು. 'ಸಿಹಿ ಮೊಗೆ'ಯಿಂದ ಶಿವಮೊಗ್ಗ ಬಂತು ಅನ್ನೋ ಕತೆ ಇದೆ. ಹಾಗಾದ್ರೆ 'ಮೊಗೆ' ಅಂದ್ರೇನು? ಮಗು ಏನೇ ಹೇಳಲಿ, ನಗಬೇಡಿ. ನಿಘಂಟಲ್ಲಿ 'ಮ' ತೆಗೆದು, ಕಾಗುಣಿತ ಹೇಳ್ತಾ 'ಮೊ' ತನಕ ಬನ್ನಿ. ಮಣ್ಣಿನ ಪಾತ್ರೆ, ನೀರು ತುಂಬಿಕೊಳ್ಳೋದು, ಎರಡೂ ಅರ್ಥ ಸಿಗುತ್ತೆ. ಬಕೆಟ್‌ನಿಂದ ಚೊಂಬಲ್ಲಿ ನೀರು ಮೊಗೆಸಿ, ಪದ ಮನಸ್ಸಲ್ಲಿ ಉಳಿಯುತ್ತೆ. ಭದ್ರಾವತಿಯವರು ಹೊಳೆ ಹೆಸರಿನ 'ಭದ್ರ' ಹುಡುಕಿ: ಗಟ್ಟಿ, ಸುರಕ್ಷಿತ, ಮಂಗಳ. ಬಾಗಿಲು ಭದ್ರ ಮಾಡು ಅಂತೀವಲ್ಲ, ಅದೇ ಪದ.

ಒಂದು ಎಚ್ಚರ. 'ಮನೆಯಲ್ಲಿ', 'ಓಡಿದಳು' ಅಂತ ಹುಡುಕಿದ್ರೆ ಸಿಗಲ್ಲ. 'ಮನೆ', 'ಓಡು' ನೋಡಬೇಕು. ಮಕ್ಕಳು ಬೇಸರಪಟ್ಟು ಪುಸ್ತಕ ಮುಚ್ಚೋದು ಇಲ್ಲೇ. ಹಾಗಾಗಿ ಮೂಲಪದ ಹುಡುಕೋದನ್ನೂ ಆಟ ಮಾಡಿ.

ಪುಸ್ತಕ ಇಲ್ವಾ? ಮೊಬೈಲಲ್ಲಿ 'ಅಲರ್' ಇದೆ. ವಿ. ಕೃಷ್ಣ ಅವರು ದಶಕಗಳ ಕಾಲ ಒಬ್ಬರೇ ಕಟ್ಟಿದ ಉಚಿತ ಕನ್ನಡ-ಇಂಗ್ಲಿಷ್ ನಿಘಂಟು, 1.5 ಲಕ್ಷಕ್ಕೂ ಹೆಚ್ಚು ಪದಗಳಿವೆ. ಅರ್ಥ ಇಂಗ್ಲಿಷಲ್ಲಿರೋದ್ರಿಂದ ಕನ್ನಡದಲ್ಲಿ ಬಿಡಿಸಿ ಹೇಳೋ ಕೆಲಸ ನಿಮ್ಮದು. ದಿನಕ್ಕೊಂದೇ ಪದ ಸಾಕು. ಅದನ್ನ ಆರಿಸೋದು ಮಾತ್ರ ಮಗುವೇ ಆಗಿರಲಿ.